ಅಳೂ ಪಾತ್ರಕ್ಕ ಐನೂರು

ಗೋಕಾಕದಾಗ ನಾನು ದಿವಾಳಿ ಎದ್ದ ಬಟ್ಟಿ ವ್ಯಾಪಾರಿ.
ಜಮಖಂಡಿಯೊಳಗ ಕುಡುಕ.
ಮುಧೋಳದಾಗ ಹೆಂಡ್ತಿ ಬಿಟ್ಟು ಹೋಗಿದ್ಲು;
ಬೀಳಗಿಗೆ ಬರೂದ್ರಾಗ ಆಕಿ ಮರಳಿ ಬಂದಿದ್ಲು
ಕೈಯಾಗ ಹೊಸಾ ಕಾರಿನ ಕೀಲಿ ಹಿಡಕೊಂಡು.

ಖರೇ ಹೇಳಬೇಕಂದ್ರ ಲಗ್ನಾನ ಆಗಿಲ್ಲ ನನಗ.
ಇಪ್ಪತ್ತಾರು ವರ್ಷ ನಾಟಕ ಕಂಪನಿಯೊಳಗ
ಮೂರನೇ ಅಂಕದಾಗ ಸಾಯೂ ತಮ್ಮನ ಪಾತ್ರ ಮಾಡಿದಾಂವ,
ಕಂಪನಿ ತಗಡು ಮಾರಿಕೊಂಡ ಮ್ಯಾಲ
ತೇಜಸ್ವರೂಪ ಸರ್ ಕಡೆ ಕೆಲಸಕ್ಕ ನಿಂತೆ.
ಒಂದು ಅಳುವಿಗೆ ಐನೂರು, ಒಂದು ಊಟ,
ಚಪ್ಪಾಳಿ ಬಿದ್ರ ಮ್ಯಾಲೊಂದು ಪ್ಲೇಟು ಗಿರಮಿಟ್ಟು.

ಸರ್ ಮೊದಲ ತುಕ್ಕಪ್ಪ. ಕುಕ್ಕರಿನ ಚೀಟಿ ನಡಸ್ತಿದ್ದ.
ಸೀಟಿ ಹೊಡೀತು, ಕುಕ್ಕರ್ ಬರಲಿಲ್ಲ.
ಎರಡು ವರ್ಷ ಎಲ್ಲೋ ಮಾಯಾಗಿ
ಕೋಟು, ಗಲ್ಲಕ್ಕೊಂದು ಮೈಕು, ಹೆಸರಿನ ಮುಂದೊಂದು ಡಾಕ್ಟರು
ಸಿಗಿಸಿಕೊಂಡು ತಿರುಗಿ ಬಂದ.
ಈಗ ಮಾರೂದು ನಿಮ್ಮನ್ನ ನಿಮಗ:
ಬೆಳ್ಳಿ ತರಗತಿ ಒಂಬೈನೂರಾ ತೊಂಬತ್ತೊಂಬತ್ತು,
ಬಂಗಾರದ್ದು ಅದರ ಹತ್ತು ಪಟ್ಟು,
ಪ್ಲಾಟಿನಂ ದರ ಕೇಳಬಾರದು.
ಕೇಳಿದ್ರ ನಿಮ್ಮ ಮನಸ್ಸಿಗೆ ಇನ್ನೂ ಬಡತನ ಬಿಟ್ಟಿಲ್ಲಂತ ಅರ್ಥ.

ಅವತ್ತು ಬಾಗಲಕೋಟಿ ನವನಗರ.
ಕಲ್ಯಾಣ ಮಂಟಪದಾಗ ಹಿಂದಿನ ದಿನದ ಮದುವಿ ಹೂವು ಇನ್ನೂ ಕಂಬಕ್ಕ;
ವಧು-ವರರ ಥರ್ಮಾಕೋಲ್ ಹೆಸರು ಮುಚ್ಚಿ
'ಇಪ್ಪತ್ತೊಂದು ದಿನದಾಗ ಕೋಟ್ಯಧೀಶ' ಅನ್ನೂ ಫ್ಲೆಕ್ಸು.
ನಾನು ಅತ್ತೆ. ಮುನ್ನೂರು ಕುರ್ಚಿ ಮೂಗು ಸೇದಿದ್ವು.
ಮುಂದಿನ ಸಾಲಿನ ವಿಮಾ ಏಜೆಂಟ ನನ್ನ ಕಾಲಿಗೇ ಬಿದ್ದ.

ಆಮ್ಯಾಲ ಸರ್ ಎಲ್ಲಾರಿಗೂ ಒಂದೊಂದು ಚೀಟಿ ಹಂಚಿದ್ರು,
ಚೀಟಿ ಅವರಿಗೆ ರೂಢಿ.
'ನಿಮ್ಮನ್ನ ಹಿಂದಕ್ಕ ಜಗ್ಗೂದು ಏನೈತಿ, ಬರೀರಿ!
ಈ ಹಂಡೇದಾಗ ಸುಡ್ರಿ!'
ಬರದ್ರು, ಸುಟ್ರು. ಸಾಲ, ಸಕ್ಕರಿ ಕಾಯಿಲೆ, ಭಾವನ ಜೋಡಿ ವಾಟ್ನಿ ಜಗಳ,
ಒಬ್ಬಾಂವ ಬರೇ ಹೆಂಡ್ತಿ ಹೆಸರು.
ಬೂದಿ ಹಾರಿ ಸರ್ ಕೋಟಿನ ಮ್ಯಾಲ ಕುಂತಿತು.

ಒಬ್ಬಾಕಿ ಅಷ್ಟ ಸುಡಲಿಲ್ಲ.
ಖಣದ ಕುಪ್ಪಸ, ಕೈಯಾಗ ಬೆಳ್ಳಿ ತರಗತಿ ರಸೀದಿ,
ಗುರುಸಿದ್ಧವ್ವ ಅಂತ ಹೆಸರು.
'ಸರ, ನಾ ಬರದದ್ದು ನಮ್ಮ ಮನಿ ನಂಬರು.
ಹಳೇ ಊರಿಂದು, ಬಣಗಾರ ಓಣಿ. ಹಿನ್ನೀರಾಗ ಐತಿ.
ನೀರಾಗ ಇರೂದನ್ನ ಸುಡೂದು ಹೆಂಗ್ರಿ?'

ಹಿಂದ ಯಾರೋ ನಕ್ಕರು, ಆಮ್ಯಾಲ ಯಾರೂ ನಗಲಿಲ್ಲ.
ಕುಂತ ಅರ್ಧ ಮಂದಿ ಅದೇ ನೀರಿನ ಕೆಳಗಿನವರು,
ಪರಿಹಾರದ ರೊಕ್ಕ ತಿಂದು ತೀರಿಸಿ
ಸೆಕ್ಟರ್ ನಂಬರನ್ನ ಅಡ್ಡಹೆಸರಿನಂಗ ಹಚ್ಚಿಕೊಂಡವರು.
ಮುಗೀತು ತುಕ್ಕಪ್ಪ, ಅಂದ್ಕೊಂಡೆ, ಪರದೆ ಬಿತ್ತು.

ಎಲ್ಲೀದು! ಸರ್ ಎದಿಗೆ ಕೈ ಇಟ್ಟು ಕಣ್ಣು ಮುಚ್ಚಿದ್ರು.
ನನಗ ಗೊತ್ತು, ಅದು ಲೆಕ್ಕ ಮಾಡೂ ಹೊತ್ತು.
'ಅವ್ವಾ, ಇದು ಪ್ಲಾಟಿನಂ ಪ್ರಶ್ನೆ!
ಬೆಳ್ಳಿಯೊಳಗ ಇದಕ್ಕ ಉತ್ತರ ಬರೂದಿಲ್ಲ.'
ಚಪ್ಪಾಳಿ. ಏಳು ಮಂದಿ ಅಲ್ಲೇ ಸ್ಕ್ಯಾನ್ ಮಾಡಿದ್ರು.
ಗುರುಸಿದ್ಧವ್ವ ಚೀಟಿ ಮಡಚಿ ಕುಪ್ಪಸದಾಗ ಇಟ್ಕೊಂಡು
ಊಟಕ್ಕೂ ನಿಲ್ಲದ ಹೋದ್ಲು.

ಗಾಡಿಯೊಳಗ ಸರ್ ಅಂದ್ರು:
'ಮುಂದಿನ ಐತವಾರ ವಿಜಯಪುರ. ದಿವಾಳಿ ಸಾಕು,
ನೀ ಮುಳುಗಿದ ಊರಿನಾಂವ. ಮನಿ ನಂಬರೊಂದು ಹುಟ್ಟಿಸ್ಕೋ.'
ಹುಟ್ಟಿಸೂದು ಬೇಕಾಗಿರಲಿಲ್ಲ.
ಬಣಗಾರ ಓಣಿ, ನಮ್ಮದು ಆಕಿದಕ್ಕಿಂತ ಆರು ಮನಿ ಕೆಳಗ,
ಮೊದಲ ಮುಳುಗಿದ್ದು.
ಮುಂದ ಬೇವಿನ ಗಿಡ, ಪಾವಟಿಗಿ ಮ್ಯಾಲ ಅಪ್ಪ ಹಲ್ಲು ತಿಕ್ಕತಿದ್ದ.

ವಿಜಯಪುರದಾಗ ಬೆಳಕು ಬಿತ್ತು, ಮೈಕು ಕೊಟ್ರು.
ಜಲ್ಮದಾಗ ಮೊದಲ ಸಲ ಸುಳ್ಳಿಲ್ಲದ ಪಾತ್ರ.
ನಂಬರ್ ಹೇಳಿದೆ. ಬೇವಿನ ಗಿಡ ಹೇಳಿದೆ. ಅಪ್ಪನ್ನ ಹೇಳಿದೆ.
ಒಂದು ಹನಿ ಬರಲಿಲ್ಲ.

ರಾತ್ರಿ ಪಾಕೀಟಿನಾಗ ನಾನೂರಾ ನಲವತ್ತು ಇತ್ತು.
'ಅರವತ್ತು ಗ್ಲಿಸರಿನ್‌ಗೆ ಹಿಡಿದೀನಿ,' ಅಂದ್ರು ಸರ್.
'ಮಂದಿಗೆ ನಂಬಿಕಿ ಬರಲಿಲ್ಲೋ ಮಾರಾಯಾ,
ಭಾಳ ಕೃತಕ ಅನಸ್ತು.'